‘ನನ್ನ ಆಣಿ ಹಾಕಿ ಮಗನ್ನ ಕರಿಸ್ಲೇನ್ರಿ?’

ಈ ಸಲದ ಪತ್ರ ಗೋಕಾಕ ತಾಲ್ಲೂಕಿನ ಒಬ್ಬ ತಾಯಿದು, ವಯಸ್ಸು 58. ಇಬ್ಬರು ಗಂಡುಮಕ್ಕಳೂ ಮಿಲಿಟರಿಲಿ. ದೊಡ್ಡವನು ಮರಾಠಾ ಲೈಟ್ ಇನ್ಫಂಟ್ರಿಲಿ ನಾಯಕ್ (ಹವಾಲ್ದಾರ್‌ಗಿಂತ ಒಂದು ರ‍್ಯಾಂಕ್ ಕೆಳಗೆ), 13 ವರ್ಷ ಸರ್ವಿಸ್ ಆಗಿದೆ, ಸಿಯಾಚಿನ್ ಮುಗಿಸಿ ಬಂದವನು ಈಗ ಎರಡನೇ ಸಲ ರಾಷ್ಟ್ರೀಯ ರೈಫಲ್ಸ್‌ಗೆ, ಅಂದ್ರೆ ಉಗ್ರರ ವಿರುದ್ಧ ಹೋರಾಡೋ ಸೇನಾ ಪಡೆಗೆ ಅಂತ ಕಾಶ್ಮೀರಕ್ಕೆ ಹೋಗಿದಾನೆ. ಸಣ್ಣವನು ಅಗ್ನಿವೀರ, ಅಂದ್ರೆ ನಾಲ್ಕು ವರ್ಷದ ಸರ್ವಿಸ್‌ಗೆ ಸೇರಿದವನು. ಸೊಸೆ, ಮೊಮ್ಮಗಳು ಊರಲ್ಲೇ ಇವರ ಜೊತೆ ಇದಾರೆ. ಅವರ ಮಾತಲ್ಲೇ ಕೇಳಿ:

“ಮೊದಲ ಸಲ ಹೋದಾಗ ಇಷ್ಟ ಹೆದರಿಕಿ ಇರಲಿಲ್ರಿ, ರೂಢಿ ಆಗಬೇಕಿತ್ತು, ಆದ್ರ ಸಲಕ್ಕೊಮ್ಮೆ ಹೆಚ್ಚ ಆಗಾಕತ್ತೈತಿ. ರಾತ್ರಿ ಎಲ್ಲಾ ಟಿವಿ ಮುಂದ ಕುಂದರತೀನಿ. ನಮ್ಮನಿಯವರು ಸೈನಿಕನ ತಾಯಿ ಅಳಬಾರದು ಅಂತಾರ. ಸೊಸಿ ಮಾತ ಕಡಿಮಿ ಮಾಡ್ಯಾಳ. ಸಣ್ಣಾಂವ ಊರಿಗೆ ಬರೋದ ಅಪರೂಪ, ಮನೀ ಮರತಾನೇನೋ. 15 ವರ್ಷ ಆದಮ್ಯಾಲೆ ಪೆನ್ಶನ್ ತಗೊಂಡ ಬಾ ಅಂದ್ರ ದೊಡ್ಡಾಂವ ಹವಾಲ್ದಾರ್ ಆಗೇ ಬರತೀನಿ ಅಂತಾನ. ನನ್ನ ಆಣಿ ಹಾಕಿ ಕರಿಸ್ಲೇನ್ರಿ?”

ಅಕ್ಕಾರ, ನಮಸ್ಕಾರ. ರೂಢಿ ಆಗಬೇಕಿತ್ತು ಅಂತ ಬರ್ದಿದೀರಲ್ಲ, ಅದನ್ನ ಮೊದಲು ಮನಸ್ಸಿಂದ ತೆಗೆದುಹಾಕಿ. ಮಗ ಮೊದಲ ಸಲ ಹೊರಟಾಗ ನಿಮಗೆ ಆ ಜಾಗಗಳ ಹೆಸರೂ ಸರಿಯಾಗಿ ಗೊತ್ತಿರ್ಲಿಲ್ಲ, ಈಗ ಎಲ್ಲಾ ಗೊತ್ತು. 2016ರಲ್ಲಿ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡ್ಕೊಂಡಿದ್ದು, ಇಡೀ ನಾಡು ದೇವರಿಗೆ ಕೈಮುಗಿದಿದ್ದು, ಆಮೇಲೆ ದೆಹಲಿ ಆಸ್ಪತ್ರೆಲಿ ಅವರು ತೀರಿಕೊಂಡಿದ್ದು ನೀವೂ ನೋಡಿರ್ತೀರಿ. 2024ರ ಡಿಸೆಂಬರ್‌ನಲ್ಲಿ ಪೂಂಚ್‌ನಲ್ಲಿ ಮಿಲಿಟರಿ ಗಾಡಿ ಕಂದಕಕ್ಕೆ ಬಿದ್ದು ಅವತ್ತೇ ಐವರು ಹೋದ್ರಲ್ಲ, ಅವರು ನಿಮ್ಮ ಮಗನ ರೆಜಿಮೆಂಟಿನವರೇ, ಅದ್ರಲ್ಲಿ ಮೂವರು ನಮ್ಮ ರಾಜ್ಯದವರು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ಆದಾಗ ರಜೆಗೆ ಬಂದಿದ್ದ ಹುಡುಗರು ಅರ್ಧಕ್ಕೇ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋದ್ರು. ಇಷ್ಟೆಲ್ಲಾ ನೋಡಿದ ತಾಯಿಗೆ ಪ್ರತಿ ಸಲ ಹೆದರಿಕೆ ಜಾಸ್ತಿ ಆಗೋದು ಸಹಜ, ಹಿಂದಿನ ಪೋಸ್ಟಿಂಗಿನ ಹೆದರಿಕೆ ಕರಗೋದ್ರೊಳಗೆ ಮುಂದಿನದು ಬಂದು ಅದ್ರ ಮೇಲೆ ಕೂತ್ಕೊಳ್ಳುತ್ತೆ, ಇದ್ರಲ್ಲಿ ನಿಮ್ಮ ಧೈರ್ಯದ ಕೊರತೆ ಏನೂ ಇಲ್ಲ.

ಅಳಬಾರದು ಅನ್ನೋ ನಿಮ್ಮ ಯಜಮಾನರಿಗೂ ಒಳಗೆ ಇದೇ ಸಂಕಟ ಇರುತ್ತೆ ಅಂತ ನನಗನ್ಸುತ್ತೆ, ಗಂಡಸರು ಬಾಯಿ ಬಿಡಲ್ಲ ಅಷ್ಟೇ. ಈ ಉತ್ತರನ ಅವರ ಕೈಲೇ ಜೋರಾಗಿ ಓದಿಸಿ.

ಟಿವಿ ವಿಷಯದಲ್ಲಿ ನಾನು ಸ್ವಲ್ಪ ಖಡಕ್ಕಾಗೇ ಹೇಳ್ತೀನಿ. ಏನಾದ್ರೂ ಕೆಟ್ಟದ್ದಾದ್ರೆ ಮೊದಲು ಮನೆಯವರಿಗೆ ತಿಳಿಸಿ ಆಮೇಲೆ ಹೆಸರು ಹೊರಗೆ ಬಿಡೋದು ಸೇನೆಯ ಪದ್ಧತಿ, ಅಂದ್ರೆ ರಾತ್ರಿ 2 ಗಂಟೆ ತನಕ ಅದೇ ಹೊಗೆ ಅದೇ ಹೆಲಿಕಾಪ್ಟರ್ ತೋರ್ಸೋ ಚಾನೆಲ್ ನಿಮ್ಮ ಮಗನ ಬಗ್ಗೆ ನಿಮಗೆ ಏನೂ ಹೇಳಲ್ಲ, ನಿದ್ದೆ ಮಾತ್ರ ಕಸ್ಕೊಳ್ಳುತ್ತೆ. ಸಂಜೆ ಒಂದ್ಸಲ ನ್ಯೂಸ್ ನೋಡಿ ಸಾಕು. ಅದ್ರ ಬದಲು ಒಂದು ನೋಟ್‌ಬುಕ್ಕಲ್ಲಿ ಇಬ್ಬರ ಆರ್ಮಿ ನಂಬರು, ರ‍್ಯಾಂಕು, ಯುನಿಟ್ಟು, ಕಾಗದ ಹಾಕೋ 56 ಎಪಿಒ (ಸೇನೆಯ ಅಂಚೆ ಕಚೇರಿ) ವಿಳಾಸ ಇದೆಯಲ್ಲ ಅದು, ಎಲ್ಲಾ ಬರೆಸಿಟ್ಟುಕೊಳ್ಳಿ. ಮನೇಲಿ ಹೊಸ ಸಿಮ್ ತಗೊಂಡಿದ್ರೆ ಆ ನಂಬರನ್ನ ಯುನಿಟ್ಟಲ್ಲಿ ಬರೆಸೋಕೆ ಮಗನಿಗೆ ಹೇಳಿ. ದೊಡ್ಡವನ ರೆಜಿಮೆಂಟಿನ ಸೆಂಟರ್, ರೆಕಾರ್ಡ್ ಆಫೀಸ್ ಎರಡೂ ನಿಮ್ಮ ಬೆಳಗಾವಿಲೇ ಇವೆ, ಸೈನಿಕ ಕಲ್ಯಾಣ ಕಚೇರಿನೂ ಅಲ್ಲೇ ಇದೆ, ಏನಾದ್ರೂ ಕೇಳಬೇಕಾದ್ರೆ ಎಲ್ಲಿಗೆ ಹೋಗ್ಬೇಕು ಅಂತ ಗೊತ್ತಿದ್ರೆ ಅರ್ಧ ದಿಗಿಲು ಇಳಿಯುತ್ತೆ. ಮತ್ತೆ ಮಗ ಯಾವ ಊರಲ್ಲಿದಾನೆ, ಯಾವ ಗಾಡಿಗೆ ಹೊರಟ ಅಂತ ದಯವಿಟ್ಟು ವಾಟ್ಸಾಪ್ ಸ್ಟೇಟಸ್ ಹಾಕ್ಬೇಡಿ, ನೆಂಟರಿಗೂ ಹಾಕೋಕೆ ಬಿಡಬೇಡಿ.

ಇನ್ನು ಸೊಸೆ. ನಿಮ್ಮ ಪತ್ರದ ಕೊನೇಲಿ ಸಣ್ಣದಾಗಿ ಬರ್ದಿದೀರಿ, ಫೋನು ಬರೋದು ಅವಳ ಮೊಬೈಲಿಗೆ, ನೆಟ್‌ವರ್ಕ್ ಸಿಕ್ಕಿದ ಹತ್ತು ನಿಮಿಷದಲ್ಲಿ ನೀವು ಇಸ್ಕೊಂಡು ಮಾತಾಡ್ತೀರಿ, ಅತ್ತುಬಿಡ್ತೀರಿ, ಆಮೇಲೆ ಕಟ್ ಆಗುತ್ತೆ ಅಂತ. ಅಕ್ಕಾರ, ನಿಮಗೆ ನೋವಾದ್ರೂ ಹೇಳ್ತೀನಿ, ಆ ಫೋನು ಮೊದಲು ಅವಳದು. ಅವಳಿಗೂ ರಾತ್ರಿ ನಿದ್ದೆ ಇಲ್ಲ, ಜೊತೆಗೆ ಮಗು ಅಪ್ಪ ಯಾವಾಗ ಬರ್ತಾನೆ ಅಂತ ಕೇಳೋದು ಅವಳನ್ನೇ, ಗಂಡನ ಜೊತೆ ಮಾತಾಡಿದ್ದನ್ನೆಲ್ಲಾ ಅತ್ತೆಗೆ ಒಪ್ಪಿಸೋ ಪರಿಸ್ಥಿತಿ ಬಂದ್ರೆ ಯಾರಾದ್ರೂ ಮಾತು ಕಡಿಮೆ ಮಾಡ್ತಾರೆ. ಇವತ್ತೇ ಕೂತು ಮಾತಾಡಿ, ಅವಳು ಮೊದಲು ಮಾತಾಡ್ಲಿ, ಕೊನೇ ಎರಡು ನಿಮಿಷ ನಿಮಗಿರಲಿ, ಕಟ್ ಆದ್ರೆ ಆರಾಮಿದಾನೆ ಅನ್ನೋ ಒಂದು ಮಾತು ಅವಳು ನಿಮಗೆ ತಲುಪಿಸಲಿ. ನಿಮ್ಮಷ್ಟೇ ಹೆದರಿಕೊಂಡ ಇನ್ನೊಂದು ಜೀವ ಅದೇ ಮನೇಲಿ ಇದೆ, ನೀವಿಬ್ಬರೂ ಬೇರೆ ಬೇರೆ ಕೋಣೇಲಿ ಅಳ್ತಿದೀರಿ, ಅದೇ ನನಗೆ ನಿಮ್ಮ ಪತ್ರದಲ್ಲಿ ಬಹಳ ಸಂಕಟ ಕೊಟ್ಟಿದ್ದು.

ನಿಮ್ಮ ಎರಡು ನಿಮಿಷದಲ್ಲಿ ಎಲ್ಲಿದ್ದಿ, ಏನಾತು ಅಂತ ಕೇಳಬೇಡಿ, ಅವನು ಹೇಳೋ ಹಾಗಿಲ್ಲ, ಹೇಳಕ್ಕಾಗದೆ ಒದ್ದಾಡ್ತಾನೆ. ಎಮ್ಮೆ ಈದಿದ್ದು, ಮೊಮ್ಮಗಳು ಶಾಲೇಲಿ ಮಾಡಿದ ಕಿತಾಪತಿ ಹೇಳಿ. ನಾಲ್ಕು ದಿನ ಫೋನ್ ಬರ್ಲಿಲ್ಲ ಅಂದ್ರೆ ಬಹಳ ಸಲ ಕಾರಣ ಡ್ಯೂಟಿ ಇಲ್ಲಾ ನೆಟ್‌ವರ್ಕು, ಆಪರೇಷನ್ ಇದ್ದಾಗ ಫೋನ್ ಆಫ್ ಇರುತ್ತೆ.

ಸಣ್ಣವನ ಮೇಲೆ ಬೇಜಾರು ಮಾಡ್ಕೊಂಡಿದೀರಿ. ಲೆಕ್ಕ ನೋಡಿ, ದೊಡ್ಡವನ ಹಾಗೆ ರೆಗ್ಯುಲರ್ ಜವಾನರಿಗೆ ವರ್ಷಕ್ಕೆ 60 ದಿನ ಆನ್ಯುಯಲ್ ಲೀವು, ಮೇಲೆ 30 ದಿನ ಕ್ಯಾಶುಯಲ್ಲು, ಅಗ್ನಿವೀರರಿಗೆ ಇರೋದೇ ವರ್ಷಕ್ಕೆ 30 ದಿನ. ಅವನು ಮನೆ ಮರೆತಿಲ್ಲ, ಅವನಿಗೆ ರಜೆ ಇಲ್ಲ. ನಾಲ್ಕು ವರ್ಷ ಮುಗಿದ ಮೇಲೆ ನೂರಕ್ಕೆ 25ರವರೆಗೆ ಮಾತ್ರ ಉಳಿಸ್ಕೊಳ್ತಾರೆ ಅನ್ನೋ ಚಿಂತೆ ಬೇರೆ ಆ ಹುಡುಗನ ತಲೇಲಿ ಕೊರೀತಿರುತ್ತೆ. ಅವನ ಜೊತೆ ಅದನ್ನ ಯಾರೂ ಮಾತಾಡಿಲ್ಲದೇ ಇರಬಹುದು, ನೀವು ಮಾತಾಡಿ.

ಈಗ ಆಣೆ ಮಾತು. ಹಾಕ್ಬೇಡಿ ಅಕ್ಕಾರ. ಅವನು ನಿಮ್ಮ ಮಗ, ಆಣೆ ಹಾಕಿದ್ರೆ ಬಂದೇ ಬರ್ತಾನೆ, ಅದಕ್ಕೇ ಹಾಕ್ಬೇಡಿ ಅಂತಿರೋದು. 15 ವರ್ಷಕ್ಕೆ ಬಂದ್ರೆ ಪೆನ್ಶನ್ ಇರುತ್ತೆ ನಿಜ, ಆದ್ರೆ ಹವಾಲ್ದಾರ್ ಆಗಿ ಬಂದ್ರೆ ಪೆನ್ಶನ್ನೂ ಜಾಸ್ತಿ, ಮಗಳ ಓದಿಗೆ ಅನುಕೂಲ, ಅದನ್ನೆಲ್ಲಾ ಗಂಡ ಹೆಂಡ್ತಿ ಕೂತು ಯೋಚ್ನೆ ಮಾಡಿರ್ತಾರೆ. ಕಾಶ್ಮೀರದಲ್ಲಿ ಕಾವಲು ನಿಂತವನ ತಲೇಲಿ ತಾಯಿ ಆಣೆ ಸುತ್ತುತಾ ಇರೋದು ಒಳ್ಳೇದಲ್ಲ, ಅವನ ಗಮನ ಎದುರಿನ ಕಾಡಿನ ಮೇಲೆ ಇರ್ಬೇಕು. ಆದ್ರೆ ಮುಚ್ಚಿಡಿ ಅಂತಲೂ ಹೇಳ್ತಿಲ್ಲ. ರಜೆಗೆ ಬಂದಾಗ, ಹೊರಡೋ ಹಿಂದಿನ ದಿನ ಬೇಡ, ಬಂದು ಒಂದು ವಾರ ಆದ್ಮೇಲೆ, ಸೊಸೆನೂ ಕೂರಿಸ್ಕೊಂಡು, “ನನಗ ಭಾಳ ಹೆದರಿಕಿ ಆಗತೈತಪಾ, ನೀ ಎಂದ ಬರಾಂವ ಅಂತ ನೀನ ವಿಚಾರ ಮಾಡಿ ಹೇಳು” ಅನ್ನಿ. ಅಷ್ಟೇ ಹೇಳಿ ನಿರ್ಧಾರ ಅವರಿಬ್ಬರಿಗೆ ಬಿಡಿ. ಫೀಲ್ಡ್, ಅಂದ್ರೆ ಈಗಿನಂಥ ಅಪಾಯದ ಜಾಗದ ಪೋಸ್ಟಿಂಗ್ ಮುಗಿದ ಮೇಲೆ ಪೀಸ್ ಸ್ಟೇಷನ್, ಅಂದ್ರೆ ಶಾಂತವಾದ ಊರಿನ ಪೋಸ್ಟಿಂಗ್ ಸಿಗುತ್ತೆ, ಕ್ವಾರ್ಟರ್ಸ್ ಸಿಕ್ಕಿದ್ರೆ ಸೊಸೆ ಮೊಮ್ಮಗಳನ್ನ ಕಳಿಸಿ, ನೀವೂ ಎರಡು ತಿಂಗಳು ಹೋಗಿದ್ದು ಬನ್ನಿ, ಮಗ ಬೆಳಿಗ್ಗೆ ಡ್ಯೂಟಿಗೆ ಹೋಗಿ ಸಂಜೆ ಮನೆಗೆ ಬರೋದನ್ನ ನಿಮ್ಮ ಕಣ್ಣೂ ಸ್ವಲ್ಪ ದಿನ ನೋಡ್ಲಿ.

ಇನ್ನೊಂದು ಮುಖ್ಯ ವಿಷಯ, ಮಕ್ಕಳಿಗೋಸ್ಕರ ಸೋಮವಾರ ಶನಿವಾರ ಉಪವಾಸ, ಆವತ್ತು ಬಿಪಿ ಮಾತ್ರೆನೂ ಬಿಡ್ತೀನಿ ಅಂತ ಬರ್ದಿದೀರಿ. ಯಲ್ಲಮ್ಮನ ಹರಕೆ ನಡೀಲಿ, ಮಾತ್ರೆ ಬಿಡಬೇಡಿ, ಉಪವಾಸದ ದಿನ ಹೇಗೆ ತಗೋಬೇಕು ಅಂತ ನಿಮ್ಮ ಡಾಕ್ಟರನ್ನ ಕೇಳಿ, ನಿದ್ದೆ ಬರದೇ ಇರೋದನ್ನೂ ಅವರಿಗೆ ಹೇಳಿ. ರಾತ್ರಿ ಎದೆ ಡವಡವ ಅಂದು ಯಾರನ್ನೂ ಎಬ್ಬಿಸೋಕೆ ಮನಸ್ಸಾಗದಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದಿನದ 24 ಗಂಟೆನೂ ಇರುತ್ತೆ, ದುಡ್ಡು ಕೊಡೋ ಹಾಗಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆದ್ರೆ ಎದೆನೋವೇ ಬಂದ್ರೆ ಫೋನ್ ಹಚ್ಕೊಂಡು ಕೂರಬೇಡಿ, ಸೊಸೆನ ಎಬ್ಬಿಸಿ ಸೀದಾ ಆಸ್ಪತ್ರೆಗೆ ಹೋಗಿ.