ಬೇರೆ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಮೆದುಳಿನ ಗಡ್ಡೆ ಕಂಡಾಗ

ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ ಮತ್ತು ಸಂಧಿವಾತ. ಈಗ ತಲೆಸುತ್ತಿನ ಕಾರಣ ತಿಳಿಯಲು ಮಾಡಿಸಿದ ಎಂಆರ್‌ಐನಲ್ಲಿ 9 ಮಿಲಿಮೀಟರಿನ ಮೆನಿಂಜಿಯೋಮಾ ಎಂಬ ಗಡ್ಡೆ ಇದೆಯೆಂದೂ ಮೆದುಳಿನಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆಗಳಿವೆಯೆಂದೂ ವರದಿ ಬಂದಿದೆ ಎಂದು ಬರೆದಿದ್ದೀರಿ. ನರರೋಗ ತಜ್ಞರನ್ನು ಕಾಣಲು ಇನ್ನೂ ಮೂರು ವಾರವಿದೆ, ಅಲ್ಲಿಯವರೆಗೆ ಹೇಗಿರಲಿ, ಇಷ್ಟು ಕಾಯಿಲೆಗಳ ಮೇಲೆ ಇದನ್ನು ಹೇಗೆ ನಿಭಾಯಿಸಲಿ, ಮನೆಯವರಿಗೆ ಹೇಳಲೋ ಬೇಡವೋ ಎಂದು ಕೇಳಿದ್ದೀರಿ. ನಾನು ವೈದ್ಯಳಲ್ಲ, ಆರು ವರ್ಷಗಳ ಹಿಂದೆ ಇಂಥದೇ ವರದಿಯನ್ನು ಕೈಯಲ್ಲಿ ಹಿಡಿದು ಕುಳಿತಿದ್ದವಳು.

ನನಗೆ ಆಗಲೇ ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮೂರೂ ಇದ್ದವು. ಎಡಗಿವಿ ಮಂದವಾಗುತ್ತಿದೆ ಎಂದು ಹೇಳಿದ್ದಕ್ಕೆ ಸ್ಕ್ಯಾನ್ ಬರೆದುಕೊಟ್ಟರು. ಕಿವಿಯ ನರದಲ್ಲಿ ಏನೂ ಕಾಣಲಿಲ್ಲ. ಆದರೆ ವರದಿಯ ಎರಡನೆಯ ಪುಟದಲ್ಲಿ, ತಲೆಯ ಇನ್ನೊಂದು ಬದಿಯಲ್ಲಿ 11 ಮಿಲಿಮೀಟರಿನ ಮೆನಿಂಜಿಯೋಮಾ ಇದೆಯೆಂಬ ಒಂದು ಸಾಲು ಇತ್ತು. ಸ್ಕ್ಯಾನ್ ಕೇಂದ್ರದ ಬೆಂಚಿನ ಮೇಲೆ ಕುಳಿತು ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅದರ ಪಕ್ಕದಲ್ಲೇ ‘ಮೆದುಳಿನ ಮೇಲೆ ಒತ್ತಡವಿಲ್ಲ, ಸುತ್ತ ಊತವಿಲ್ಲ’ ಎಂದು ಬರೆದಿತ್ತು. ಅದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ. ನೀವೂ ಗಾತ್ರವನ್ನಷ್ಟೇ ಬರೆದಿದ್ದೀರಿ. ದಯವಿಟ್ಟು ವರದಿಯನ್ನು ಇನ್ನೊಮ್ಮೆ ತೆಗೆದು, ಒತ್ತಡ ಮತ್ತು ಊತದ ಬಗ್ಗೆ ಏನು ಬರೆದಿದ್ದಾರೆ, ಗಡ್ಡೆ ಯಾವ ಜಾಗದಲ್ಲಿದೆ ಎಂಬುದನ್ನು ಓದಿ. ಈ ಕಾಯಿಲೆಯಲ್ಲಿ ಗಾತ್ರದಷ್ಟೇ ಈ ಸಂಗತಿಗಳಿಗೂ ಬೆಲೆಯಿದೆ.

ಮೆನಿಂಜಿಯೋಮಾ ಹುಟ್ಟುವುದು ಮೆದುಳಿನ ಒಳಗಲ್ಲ, ಮೆದುಳನ್ನು ಹೊದ್ದಿರುವ ಪೊರೆಗಳಲ್ಲಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ ಮತ್ತು ಬಹಳ ನಿಧಾನವಾಗಿ ಬೆಳೆಯುತ್ತವೆ. ಕೆಲವು ವರ್ಷಗಟ್ಟಲೆ ಇದ್ದಷ್ಟೇ ಇರುತ್ತವೆ. ನೆದರ್‌ಲೆಂಡ್ಸಿನ ರಾಟರ್‌ಡ್ಯಾಮ್‌ನಲ್ಲಿ ಸಾಮಾನ್ಯ ಜನರಲ್ಲಿ 2000 ಮಂದಿಯ ಮೆದುಳನ್ನು ಸ್ಕ್ಯಾನ್ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರ ಸರಾಸರಿ ವಯಸ್ಸು 63. ಅವರಲ್ಲಿ ಶೇಕಡಾ 1.6ರಷ್ಟು ಮಂದಿಯಲ್ಲಿ ನಿರಪಾಯಕಾರಿ ಗಡ್ಡೆಗಳು, ಮುಖ್ಯವಾಗಿ ಮೆನಿಂಜಿಯೋಮಾಗಳು, ಕಂಡವು, ಶೇಕಡಾ 7.2ರಷ್ಟು ಮಂದಿಯಲ್ಲಿ ಅವರ ಅರಿವಿಗೇ ಬಾರದೆ ಆಗಿಹೋದ ಸಣ್ಣ ಪಾರ್ಶ್ವವಾಯುವಿನ ಗುರುತುಗಳಿದ್ದವು. ಈ ಅಂಕಿಗಳು ನನಗೆ ಬಹಳ ಸಮಾಧಾನ ಕೊಟ್ಟವು, ಏಕೆಂದರೆ ಅಲ್ಲಿಯವರೆಗೆ ಇಡೀ ಜಗತ್ತಿನಲ್ಲಿ ನನ್ನೊಬ್ಬಳ ತಲೆಯಲ್ಲೇ ಹೀಗಾಗಿದೆ ಎಂಬ ಭಾವನೆ ಇತ್ತು. ಸ್ಕ್ಯಾನ್ ಮಾಡಿಸದಿದ್ದರೆ ಆ ಜನರಲ್ಲಿ ಬಹುಪಾಲು ಮಂದಿ ಇದನ್ನು ತಿಳಿಯದೆಯೇ ಬದುಕುತ್ತಿದ್ದರು.

ಆದರೂ ನಿಮಗೆ ಒತ್ತಿ ಹೇಳಬೇಕಾದ ಮಾತು ಗಡ್ಡೆಯದಲ್ಲ, ನೀವು ಅರ್ಧ ವಾಕ್ಯದಲ್ಲಿ ಮುಗಿಸಿಬಿಟ್ಟ ಬಿಳಿ ಚುಕ್ಕೆಗಳದು. ನನ್ನ ನರರೋಗ ತಜ್ಞರು ಪರದೆಯನ್ನು ನನ್ನ ಕಡೆ ತಿರುಗಿಸಿ, ತಲೆಬುರುಡೆಯ ಅಂಚಿಗೆ ಅಂಟಿಕೊಂಡಿದ್ದ ಅವರೆಕಾಳಿನಂಥ ಬಿಳಿಯ ಗುಂಡನ್ನು ಪೆನ್ನಿನ ತುದಿಯಿಂದ ತೋರಿಸಿದರು. ಅದಕ್ಕೆ ಎರಡು ನಿಮಿಷ ಹಿಡಿಯಿತು. ಆಮೇಲೆ ಬೇರೊಂದು ಚಿತ್ರ ತೆಗೆದು, ಮೆದುಳಿನ ಆಳದಲ್ಲಿ ಸುಣ್ಣ ಸಿಡಿದಂತೆ ಚದುರಿದ್ದ ಚುಕ್ಕೆಗಳನ್ನು ಒಂದೊಂದಾಗಿ ತೋರಿಸುತ್ತ ನನ್ನ ಬಿಪಿ ಎಷ್ಟಿದೆ, ಸಕ್ಕರೆಯ ಮೂರು ತಿಂಗಳ ಸರಾಸರಿ ಎಷ್ಟಿದೆ, ಮಾತ್ರೆ ತಪ್ಪುತ್ತದೆಯೇ ಎಂದು ಇಪ್ಪತ್ತು ನಿಮಿಷ ಕೇಳಿದರು. ವಯಸ್ಸಾದಂತೆ ಇಂಥ ಚುಕ್ಕೆಗಳು ಬಹಳ ಜನರಲ್ಲಿ ಕಾಣುತ್ತವೆ. ಮೈಗ್ರೇನ್ ಇದ್ದವರಲ್ಲೂ ಕಾಣಬಹುದು. ಆದರೆ ಅವು ಹೆಚ್ಚುವುದಕ್ಕೆ ದೊಡ್ಡ ಕಾರಣ ರಕ್ತದೊತ್ತಡ, ಅದರ ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಧೂಮಪಾನ. ಇವು ಮೆದುಳಿನ ಅತಿ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತವೆ. ಗಡ್ಡೆಯ ವಿಷಯದಲ್ಲಿ ನಾನು ಮಾಡಬಹುದಾದದ್ದು ಕಾಯುವುದೊಂದೇ ಆಗಿತ್ತು. ಚುಕ್ಕೆಗಳ ವಿಷಯದಲ್ಲಿ ಮಾಡುವುದಕ್ಕೆ ಪ್ರತಿದಿನವೂ ಕೆಲಸವಿತ್ತು. ಹೊಸ ಕಾಯಿಲೆಯೊಂದು ಬಂತೆಂದು ಅಳುತ್ತಿದ್ದವಳಿಗೆ, ಹಳೆಯ ಕಾಯಿಲೆಗಳನ್ನು ನೋಡಿಕೊಳ್ಳುವುದೇ ಮೆದುಳಿಗೆ ಮಾಡುವ ಚಿಕಿತ್ಸೆ ಎಂಬುದು ಅಂದು ಅರ್ಥವಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಪಿಯ ಎರಡು ಅಂಕಿಗಳಲ್ಲಿ ಮೇಲಿನದನ್ನು 140ಕ್ಕಿಂತ ಕೆಳಗಿಡುವ ಬದಲು 120ಕ್ಕಿಂತ ಕೆಳಗಿಡಲು ಯತ್ನಿಸಿದವರಲ್ಲಿ ಬಿಳಿ ಚುಕ್ಕೆಗಳು ಕಡಿಮೆ ವೇಗದಲ್ಲಿ ಹೆಚ್ಚಿದವು ಎಂದು 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದು ತೋರಿಸಿತು. ಆದರೆ ಆ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆ ಇದ್ದವರನ್ನು ಸೇರಿಸಿರಲಿಲ್ಲ, ಮತ್ತು ನಿಮಗೆ ಈಗಾಗಲೇ ತಲೆಸುತ್ತಿದೆ. ಆದ್ದರಿಂದ ಅಂಥ ಅಂಕಿ ಓದಿ ಮಾತ್ರೆಯ ಪ್ರಮಾಣವನ್ನು ನೀವೇ ಹೆಚ್ಚಿಸಿಕೊಳ್ಳಬೇಡಿ. ನಿಮಗೆ ತಕ್ಕ ಗುರಿ ಯಾವುದೆಂದು ವೈದ್ಯರನ್ನೇ ಕೇಳಿ.

ತಲೆಸುತ್ತಿನ ಮಾತು ಬಂದದ್ದರಿಂದ ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಗಡ್ಡೆಯ ಗಾಬರಿಯಲ್ಲಿ ನನ್ನ ಕಿವಿಯ ಸಂಗತಿಯನ್ನು ನಾನೂ ಮರೆತೆ, ವೈದ್ಯರೂ ಮರೆತರು. ಎಂಟು ತಿಂಗಳು ಕಳೆದ ಮೇಲೆ ಶ್ರವಣ ಪರೀಕ್ಷೆಯಾಗಿ ಶ್ರವಣ ಸಾಧನ ಬಂತು. ಅಷ್ಟೂ ದಿನ ಜನರ ಮಾತು ಅರ್ಧಂಬರ್ಧ ಕೇಳಿಸಿಕೊಂಡೇ ಕಳೆದೆ. ನಿಮ್ಮ ತಲೆಸುತ್ತಿಗೆ ಒಳಗಿವಿಯ ತೊಂದರೆ ಕಾರಣವಿರಬಹುದು, ಎದ್ದು ನಿಂತಾಗ ಬಿಪಿ ಇಳಿಯುವುದಿರಬಹುದು, ಸಕ್ಕರೆ ಕುಸಿಯುವುದಿರಬಹುದು, ಯಾವುದೋ ಮಾತ್ರೆಯೂ ಇರಬಹುದು. ಸಣ್ಣ ಮೆನಿಂಜಿಯೋಮಾ ಸಿಕ್ಕಿತೆಂದ ಮಾತ್ರಕ್ಕೆ ಅದೇ ಕಾರಣವೆಂದು ಹೇಳಲಾಗದು. ‘ನನ್ನ ತಲೆಸುತ್ತಿಗೂ ಈ ಗಡ್ಡೆಗೂ ಸಂಬಂಧವಿದೆಯೇ? ಇಲ್ಲವಾದರೆ ಕಾರಣವನ್ನು ಇನ್ನು ಯಾರು ಹುಡುಕುತ್ತಾರೆ?’ ಎಂಬ ಪ್ರಶ್ನೆಯನ್ನು ಭೇಟಿಯ ದಿನ ಎಲ್ಲಕ್ಕಿಂತ ಮೊದಲು ಕೇಳಿ.

ಹಲವು ಕಾಯಿಲೆ ಇರುವವರಿಗೆ ಇರುವ ದೊಡ್ಡ ಕಷ್ಟವೆಂದರೆ ಒಬ್ಬ ವೈದ್ಯರಿಗೆ ಇನ್ನೊಬ್ಬರು ಬರೆದುಕೊಟ್ಟದ್ದು ತಿಳಿಯದಿರುವುದು. ನಾನು ಒಂದೇ ಹಾಳೆಯಲ್ಲಿ ಕಾಯಿಲೆಗಳ ಹೆಸರು, ಅವು ಶುರುವಾದ ವರ್ಷ, ಪ್ರತಿ ಮಾತ್ರೆಯ ಹೆಸರು ಮತ್ತು ಪ್ರಮಾಣ, ಕೊನೆಯ ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅಂಕಿ ಇಷ್ಟನ್ನು ಬರೆದು, ಎಲ್ಲ ವೈದ್ಯರಿಗೂ ಅದರ ಪ್ರತಿ ಕೊಡುತ್ತೇನೆ. ಕ್ರಿಯಾಟಿನಿನ್ ಏಕೆಂದರೆ, ಮುಂದಿನ ಎಂಆರ್‌ಐಗೆ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಕಾಂಟ್ರಾಸ್ಟ್ ಚುಚ್ಚುಮದ್ದು ಕೊಡಬೇಕಾಗಬಹುದು. ಸಕ್ಕರೆ ಕಾಯಿಲೆಯಿಂದ ಮೂತ್ರಪಿಂಡ ಬಹಳ ದುರ್ಬಲವಾಗಿದ್ದರೆ ಅದನ್ನು ಕೊಡುವ ಮೊದಲು ಅವರು ಯೋಚಿಸಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ತಪ್ಪದೆ ತಿಳಿಸಿ, ಆದರೆ ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸುವುದರ ಅಪಾಯ ಸಣ್ಣ ಗಡ್ಡೆಯ ಅಪಾಯಕ್ಕಿಂತ ಹೆಚ್ಚಿರಬಹುದು. ಹಾರ್ಮೋನಿನ ಔಷಧಗಳನ್ನು ಹಿಂದೆ ತೆಗೆದುಕೊಂಡಿದ್ದರೂ ಬರೆಯಿರಿ. ಗರ್ಭನಿರೋಧಕವಾಗಿ ಕೊಡುವ ಮೆಡ್ರಾಕ್ಸಿಪ್ರೊಜೆಸ್ಟೆರೋನ್ ಚುಚ್ಚುಮದ್ದಿನ ದೀರ್ಘ ಬಳಕೆಗೂ ಪುರುಷ ಹಾರ್ಮೋನನ್ನು ತಡೆಯುವ ಸೈಪ್ರೊಟೆರೋನ್ ಮಾತ್ರೆಗೂ ಮೆನಿಂಜಿಯೋಮಾದೊಂದಿಗೆ ಸಂಬಂಧ ಕಂಡುಬಂದಿದೆ.

ಮೂರು ವಾರ ಕಾಯುವುದು ಸರಿಯೇ ಎಂಬ ಅಳುಕು ನಿಮ್ಮ ಬರಹದಲ್ಲಿದೆ. ತುರ್ತು ಎನಿಸಿದ್ದರೆ ಸ್ಕ್ಯಾನ್ ವೈದ್ಯರೇ ಸಾಮಾನ್ಯವಾಗಿ ಕೂಡಲೇ ತಿಳಿಸುತ್ತಾರೆ. ಆದರೂ ಸ್ಕ್ಯಾನ್ ಬರೆದುಕೊಟ್ಟ ವೈದ್ಯರಿಗೆ ಒಮ್ಮೆ ಫೋನ್ ಮಾಡಿ, ಈ ವರದಿಗೆ ಮೂರು ವಾರ ಕಾಯಬಹುದೇ ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ಫಿಟ್ಸ್ ಬಂದರೆ, ಒಂದು ಬದಿಯ ಕೈಕಾಲು ಸೋತರೆ, ಮಾತು ತೊದಲಿದರೆ, ದೃಷ್ಟಿ ಹೋದರೆ, ಹಿಂದೆಂದೂ ಬಾರದಂಥ ತಲೆನೋವು ಥಟ್ಟನೆ ಬಂದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ರಾತ್ರಿಗಳು ಕಷ್ಟ, ನನಗೆ ಗೊತ್ತು. ವರದಿ ಬಂದ ಮೇಲೆ ಪ್ರತಿ ಸಣ್ಣ ತಲೆನೋವೂ ಗಡ್ಡೆ ಬೆಳೆಯುತ್ತಿರುವ ಸೂಚನೆಯಂತೆ ಕಾಣುತ್ತಿತ್ತು, ಹಾಸಿಗೆಯಲ್ಲಿ ಮೊಬೈಲ್ ಹಿಡಿದು ಹುಡುಕಿದಷ್ಟೂ ಭಯ ಹೆಚ್ಚುತ್ತಿತ್ತು. ದಿಂಬಿನ ಪಕ್ಕದಲ್ಲಿ ಸಣ್ಣ ನೋಟ್‌ಬುಕ್ ಇಟ್ಟು, ತಲೆನೋವು ಬಂದ ಹೊತ್ತು, ಅದು ಹೋದ ಹೊತ್ತು, ಆಗಿನ ಬಿಪಿ ಇಷ್ಟನ್ನೇ ಬರೆಯತೊಡಗಿದೆ. ಹತ್ತು ದಿನಗಳ ನಂತರ ತಿರುವಿ ನೋಡಿದರೆ, ನಿದ್ದೆಗೆಟ್ಟ ರಾತ್ರಿಯ ಮರುದಿನವೇ ತಲೆನೋವು ಬರುತ್ತಿತ್ತು. ಆ ನೋಟ್‌ಬುಕ್ಕನ್ನು ವೈದ್ಯರು ನನ್ನ ವರದಿಗಿಂತ ಹೆಚ್ಚು ಹೊತ್ತು ಓದಿದರು. ಮೊದಲ ಮರುಸ್ಕ್ಯಾನ್ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಆಗಿದೆ. ಆರು ವರ್ಷಗಳಲ್ಲಿ ನನ್ನ ಗಡ್ಡೆ 11ರಿಂದ 12 ಮಿಲಿಮೀಟರ್ ಆಗಿದೆ. ಸ್ಕ್ಯಾನಿನ ಹಿಂದಿನ ವಾರ ಇಂದಿಗೂ ಎದೆ ಭಾರವಾಗುತ್ತದೆ. ನಿದ್ದೆಯೇ ಬಾರದ ಸ್ಥಿತಿ ಮುಂದುವರಿದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಇನ್ನು ಮನೆಯವರ ಪ್ರಶ್ನೆ. ನಾನು ಹನ್ನೊಂದು ದಿನ ಮುಚ್ಚಿಟ್ಟೆ. ನನ್ನ ಮಗಳು ಕಪಾಟಿನಲ್ಲಿ ಲಕೋಟೆಯನ್ನು ಕಂಡು, ಓದಿ, ನನಗೆ ಹೇಳದೆ ತಾನೊಬ್ಬಳೇ ಎರಡು ದಿನ ಅತ್ತಿದ್ದಳು. ಅದು ತಿಳಿದಾಗ ಆದ ಸಂಕಟ ವರದಿ ಓದಿದಾಗಲೂ ಆಗಿರಲಿಲ್ಲ. ನಿಮ್ಮ ಮನೆಯಲ್ಲಿ ಗಾಬರಿಯಾಗದೆ ಕೇಳಿಸಿಕೊಳ್ಳುವ ಒಬ್ಬರಿಗಾದರೂ ಈ ವಾರವೇ ಹೇಳಿ, ಹೇಳುವಾಗ ವರದಿಯಲ್ಲಿ ಒತ್ತಡ, ಊತದ ಬಗ್ಗೆ ಬರೆದಿರುವ ಸಾಲುಗಳನ್ನೂ ಪೂರ್ತಿ ಓದಿ ತೋರಿಸಿ, ಭೇಟಿಯ ದಿನ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹಾಳೆ, ನೋಟ್‌ಬುಕ್ ಮತ್ತು ಸ್ಕ್ಯಾನಿನ ಸಿ.ಡಿ. ಅವರ ಕೈಯಲ್ಲಿರಲಿ. ವೈದ್ಯರು ಹೇಳಿದ್ದರಲ್ಲಿ ಅರ್ಧ ಮಾತು ಅಂದು ನಿಮಗೆ ಕೇಳಿಸುವುದಿಲ್ಲ, ಅವರಿಗೆ ಕೇಳಿಸುತ್ತದೆ.