ಬಾಗುವ ಸೋಲಾರ್ ಫಲಕವನ್ನು ಚಾವಣಿಗೆ ಅಂಟಿಸುವ ಬಗ್ಗೆ
ಟೆಂಪೋ ಟ್ರಾವೆಲರನ್ನು ಮೋಟರ್‌ಹೋಮ್ ಆಗಿ ಮಾರ್ಪಡಿಸುತ್ತಿರುವ ತಾವು, 12 ವೋಲ್ಟಿನ ಫ್ರಿಜ್‌ಗಾಗಿ 100 ವ್ಯಾಟಿನ ಎರಡು ಬಾಗುವ ಫಲಕಗಳನ್ನು ಚಾವಣಿಗೆ ಅಂಟಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅಂಟಿಸಬೇಡಿ. ಫಲಕದಲ್ಲಿ ವಿದ್ಯುತ್ ಉತ್ಪಾದಿಸುವ ಸಿಲಿಕಾನ್ ಕೋಶಗಳ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಮೀರಿದ ಮೇಲೆ ಪ್ರತಿ ಡಿಗ್ರಿಗೂ ಸುಮಾರು ಶೇ. 0.3ರಿಂದ 0.4ರಷ್ಟು ಉತ್ಪಾದನೆ ಕುಗ್ಗುತ್ತದೆ. ಕಾದ ತಗಡಿಗೆ ಅಂಟಿಕೊಂಡ ಫಲಕದ ಅಡಿಯಲ್ಲಿ ಗಾಳಿಯೇ ಆಡದ ಕಾರಣ ನಷ್ಟವೂ ಹೆಚ್ಚು, ಬಾಳಿಕೆಯೂ ಕಡಿಮೆ. ತೂಕ ಹೆಚ್ಚಾದರೂ ಗಾಜಿನ ಗಟ್ಟಿ ಫಲಕಗಳನ್ನೇ ಕೊಂಡು, ಚಾವಣಿಯಿಂದ ಎರಡು-ಮೂರು ಸೆಂಟಿಮೀಟರ್ ಅಂತರ ಬಿಟ್ಟು ಕೂರಿಸಿ. ರಂಧ್ರ ಕೊರೆಯುವ ಮೊದಲು ಬೆಳಿಗ್ಗೆಯೂ ಸಂಜೆಯೂ ಮೇಲೆ ಹತ್ತಿ, ಗಾಳಿಕಿಂಡಿಯ ನೆರಳು ಬೀಳುವ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿಕೊಳ್ಳಿ, ಏಕೆಂದರೆ ಅಂಗೈಯಗಲದ ನೆರಳೂ ಫಲಕದ ಉತ್ಪಾದನೆಯನ್ನು ಬಹಳವಾಗಿ ಕುಸಿಯುವಂತೆ ಮಾಡಬಲ್ಲದು. ಫಲಕಗಳಿಂದ ಬ್ಯಾಟರಿಗೆ ಹರಿಯುವ ವಿದ್ಯುತ್ತನ್ನು ನಿಯಂತ್ರಿಸುವ ಚಾರ್ಜ್ ಕಂಟ್ರೋಲರಿಗೆ ಮೊದಲು ಬ್ಯಾಟರಿಯನ್ನು, ಆಮೇಲೆ ಫಲಕಗಳನ್ನು ಜೋಡಿಸಿ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ.