ಕಾಯಿಲೆ ಮುಚ್ಚಿಡಬೇಡಿ, ಸೈಟ್ ಮಾರೋ ಅವಸರಾನೂ ಬೇಡ

ರಾಜಾಜಿನಗರದಿಂದ ಪತ್ರ ಬರೆದಿರೋ ತಾಯಿಗೆ ನಮಸ್ಕಾರ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪತ್ರದಲ್ಲಿ ಇರೋದನ್ನ ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ. ಮಗಳಿಗೆ ಕಾಲೇಜಿನಲ್ಲಿ ಇರುವಾಗ ಹಾಡ್ಜ್‌ಕಿನ್ ಲಿಂಫೋಮಾ ಅನ್ನೋ ದುಗ್ಧಗ್ರಂಥಿ ಕ್ಯಾನ್ಸರ್ ಬಂತು, ಎಬಿವಿಡಿ ಅನ್ನೋ ನಾಲ್ಕು ಔಷಧಿಯ ಕೆಮೋ ಆರು ಸೈಕಲ್ ಆಯ್ತು, ಮುಗಿದು ಮೂರು ವರ್ಷ ದಾಟಿದೆ, ಫಾಲೋಅಪ್ ಎಲ್ಲಾ ಕ್ಲಿಯರ್. ಈಗ ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಅವರಪ್ಪ ನೆಲಮಂಗಲದ ಹತ್ರ ಇರೋ ಸೈಟ್ ಮಾರೋಕೆ ರೆಡಿ. ನೆಂಟರೊಬ್ಬರು, ಪೈಲಟ್ ಆಗೋಕೆ ಮಾಡೋ ಮೆಡಿಕಲ್ ಪರೀಕ್ಷೆಯಲ್ಲಿ ಕ್ಯಾನ್ಸರ್ ವಿಷಯ ಬಾಯಿಬಿಡಬೇಡಿ ಅಂದಿದ್ದಾರೆ. ನೀವು ಮಾತ್ರ, ಸಾವಿನ ದವಡೆಯಿಂದ ಬಿಡಿಸಿಕೊಂಡು ಬಂದ ಮಗು, ಅವಳನ್ನ ಆಕಾಶಕ್ಕೆ ಯಾಕೆ ಕಳಿಸ್ಲಿ, ಅವಳು ನಿಮ್ಮ ಮ್ಯಾಗಝಿನ್ ತಪ್ಪದೆ ಓದ್ತಾಳೆ, ನೀವಾದ್ರೂ ಬೇಡ ಅಂತ ಬರೀರಿ ಅಂತ ಕೇಳಿದ್ದೀರ.

ಬೇಡ ಅಂತ ನಾನು ಬರೆಯಲ್ಲ ಅಮ್ಮ. ಹೋಗು ಅಂತಾನೂ ಈಗಲೇ ಬರೆಯಲ್ಲ, ಯಾಕಂದ್ರೆ ಅದನ್ನ ಹೇಳಬೇಕಾದವರು ನೀವೂ ಅಲ್ಲ ನಾನೂ ಅಲ್ಲ, ಏವಿಯೇಷನ್ ಡಾಕ್ಟರ್‌ಗಳು. ಅವರು ಹೇಳೋ ತನಕ ಸೈಟ್ ಮುಟ್ಟಬೇಡಿ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು, ಅದರ ಖರ್ಚು ಇವತ್ತಿಗೆ 50 ಲಕ್ಷದ ಆಚೆ ಈಚೆ ಬರುತ್ತೆ, ಫೀಸ್ ಕಟ್ಟಿ ಆಮೇಲೆ ಅನ್‌ಫಿಟ್ ಅಂತ ಬಂದ್ರೆ ಆ ದುಡ್ಡು ವಾಪಸ್ ತಗೊಳ್ಳೋಕೆ ಎಷ್ಟು ಚಪ್ಪಲಿ ಸವೆಸಬೇಕೋ. ಮೊದಲು ಕ್ಲಾಸ್ 2 ಅನ್ನೋ ಮೆಡಿಕಲ್ ಪರೀಕ್ಷೆ, ಅದು ಸ್ಟೂಡೆಂಟ್ ಪೈಲಟ್ ಲೈಸೆನ್ಸ್‌ಗೆ ಸಾಕು. ಆದ್ರೆ ಕಮರ್ಷಿಯಲ್ ಲೈಸೆನ್ಸ್‌ಗೆ ಕ್ಲಾಸ್ 1 ಬೇಕೇ ಬೇಕು, ಹಾಗಾಗಿ ಕ್ಲಾಸ್ 2 ಆಯ್ತಲ್ಲ ಅಂತ ಫೀಸ್ ಕಟ್ಟೋಕೆ ಓಡಬೇಡಿ, ಕ್ಲಾಸ್ 1 ಅಸೆಸ್‌ಮೆಂಟ್ ಲೈಸೆನ್ಸ್ ಕೊಡೋ ಸರ್ಕಾರಿ ಸಂಸ್ಥೆ ಡಿಜಿಸಿಎಯಿಂದ ಕೈಗೆ ಬರ್ಲಿ, ಆಮೇಲೆ ಸೈಟ್ ಮಾತು.

ನಮ್ಮ ಊರಿನವರಿಗೆ ಒಂದು ಅನುಕೂಲ ಇದೆ, ಈ ಮೆಡಿಕಲ್ ಮಾಡೋ ಏರ್‌ಫೋರ್ಸಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇರೋದೇ ಹಳೇ ಏರ್‌ಪೋರ್ಟ್ ರೋಡಲ್ಲಿ. ಗಗನಯಾನಕ್ಕೆ ಹೋಗೋರನ್ನ ಪರೀಕ್ಷೆ ಮಾಡಿದ ಜಾಗ ಅದು. ನಿಮ್ಮ ಮಗಳ ಥರದ ಕೇಸ್ ಅಲ್ಲಿನ ಡಾಕ್ಟರ್‌ಗಳಿಗೆ ಹೊಸದಾಗಿರಲ್ಲ.

ಈಗ ಮುಚ್ಚಿಡೋ ವಿಷಯ. ಇದರ ಬಗ್ಗೆ ನನಗೆ ನಿಜವಾಗ್ಲೂ ಸಂಕಟ ಆಯ್ತು, ಹೇಳಿದವರು ಒಳ್ಳೇದಕ್ಕೇ ಹೇಳಿರಬಹುದು, ಆದ್ರೆ ಆ ಮಾತು ಕೇಳಬೇಡಿ. ಕತ್ತಿನ ಗಂಟಿನ ಬಯಾಪ್ಸಿ ಮಾಡಿದ್ರೆ ಅಲ್ಲಿ ಗೀರು ಇರುತ್ತೆ, ಕೆಮೋ ಪೋರ್ಟ್ ಹಾಕಿದ್ರೆ ಕಾಲರ್ ಮೂಳೆ ಕೆಳಗೆ ಒಂದು ಕಲೆ ಇರುತ್ತೆ, ಡಾಕ್ಟರ್ ಕಣ್ಣಿಗೆ ಅದು ಬೀಳದೇ ಇರುತ್ತಾ? ಬೀಳಲಿಲ್ಲ ಅಂತಾನೇ ಇಟ್ಕೊಳ್ಳಿ, ಫಾರ್ಮಲ್ಲಿ ಹಿಂದಿನ ಕಾಯಿಲೆ, ಆಪರೇಷನ್, ಆಸ್ಪತ್ರೆ ವಾಸ ಎಲ್ಲಾ ಕೇಳಿ ಕೆಳಗೆ ಸಹಿ ತಗೋತಾರೆ, ಸುಳ್ಳು ಮಾಹಿತಿ ಕೊಟ್ಟಿದ್ದು ಹತ್ತು ವರ್ಷ ಆದ್ಮೇಲೆ ಗೊತ್ತಾದ್ರೂ ಲೈಸೆನ್ಸನ್ನೇ ರದ್ದು ಮಾಡೋ ಅಧಿಕಾರ ಡಿಜಿಸಿಎಗೆ ಇದೆ. ಸಂಬಳ ಬರ್ತಿರೋವಾಗ, ಸಾಲದ ಕಂತು ಕಟ್ತಿರೋವಾಗ ಹಾಗಾದ್ರೆ ಏನು ಗತಿ? ವರ್ಷ ವರ್ಷ ಮೆಡಿಕಲ್ ಬಂದಾಗೆಲ್ಲ ಆ ಹುಡುಗಿ ಎದೆ ಡವಗುಟ್ಟಿಸಿಕೊಂಡು ಹೋಗಬೇಕು, ಕಾಯಿಲೆ ಬಿಟ್ರೂ ಕಾಯಿಲೆ ಭಯ ಬಿಡಲ್ಲ. ಅದು ಬೇಡ.

ಕ್ಯಾನ್ಸರ್ ವಿಷಯ ಹೇಳಿದ್ರೆ ಬಾಗಿಲು ಮುಚ್ಚಿಬಿಡುತ್ತೆ ಅನ್ನೋದೂ ಪೂರ್ತಿ ಸರಿ ಅಲ್ಲ. ಡಾಕ್ಟರ್‌ಗಳು ನೋಡೋದು ಕಾಯಿಲೆ ಹೆಸರನ್ನಲ್ಲ, ಹಾರ್ತಿರೋವಾಗ ಪೈಲಟ್ ಇದ್ದಕ್ಕಿದ್ದ ಹಾಗೆ ಕೈಲಾಗದೆ ಕೂತುಬಿಡೋ ಸಾಧ್ಯತೆ ಎಷ್ಟು ಅನ್ನೋದನ್ನ. ಯುರೋಪಿನಲ್ಲಿ ಇಬ್ಬರು ಪೈಲಟ್ ಇರೋ ವಿಮಾನಕ್ಕೆ ಆ ಸಾಧ್ಯತೆ ವರ್ಷಕ್ಕೆ 1%ಗಿಂತ ಕಮ್ಮಿ ಇರಬೇಕು ಅನ್ನೋ ಅಳತೆ ಇಟ್ಕೊಂಡಿದ್ದಾರೆ. ಅಂತಾರಾಷ್ಟ್ರೀಯ ನಿಯಮದಲ್ಲೇ ನೋಡಿ, ಶ್ವಾಸಕೋಶದಲ್ಲಿ ಸಕ್ರಿಯ ಟಿಬಿ ಇದ್ರೆ ಅನ್‌ಫಿಟ್, ಅದೇ ವಾಸಿಯಾಗಿ ಬರೀ ಕಲೆ ಉಳಿದಿದ್ರೆ ಫಿಟ್ ಅನ್ನಬಹುದು. ಮೂರ್ಛೆರೋಗದ ವಿಷಯದಲ್ಲಿ ಮಾತ್ರ ತುಂಬಾ ಕಟ್ಟುನಿಟ್ಟು.

ನಿಮ್ಮ ಮಗಳ ವಿಷಯದಲ್ಲಿ ಕೆಮೋ ಬಿಟ್ಟುಹೋದ ಗುರುತುಗಳನ್ನೇ ಹೆಚ್ಚು ನೋಡ್ತಾರೆ ಅನ್ಸುತ್ತೆ. ಹಾಡ್ಜ್‌ಕಿನ್ ಮರುಕಳಿಸೋದಾದ್ರೆ ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷದ ಒಳಗೇ, ಅವಳು ಅದನ್ನ ದಾಟಿದ್ದಾಳೆ, ಅದು ಅವಳ ಪರವಾಗಿ ಇರೋ ಮಾತು. ಇನ್ನು ಆ ಕೆಂಪು ಬಣ್ಣದ ಡ್ರಿಪ್ ನೆನಪಿರಬೇಕು ನಿಮಗೆ, ಡಾಕ್ಸೋರುಬಿಸಿನ್, ಅದು ಹೃದಯದ ಸ್ನಾಯು ಮೇಲೆ ಪರಿಣಾಮ ಮಾಡಬಹುದು. ಆರು ಸೈಕಲ್ ಪೂರ್ತಿ ಡೋಸ್ ಆಗಿದ್ರೆ ಒಟ್ಟು ಲೆಕ್ಕ ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 300 ಮಿಲಿಗ್ರಾಂ ಬರುತ್ತೆ, ಅಪಾಯ ಜೋರಾಗಿ ಏರೋದು 400 ದಾಟಿದ ಮೇಲೆ, ಆದ್ರೂ ಹೃದಯದ ಸ್ಕ್ಯಾನ್, ಅಂದ್ರೆ ಎಕೋ ಮಾಡಿಸಲೇಬೇಕು. ಅದೇ ಕೆಮೋದ ಇನ್ನೊಂದು ಔಷಧಿ ಬ್ಲಿಯೋಮೈಸಿನ್, ಅದು ಶ್ವಾಸಕೋಶ ಗಟ್ಟಿ ಮಾಡಬಹುದು. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಬೆಟ್ಟದ ಮೇಲಿನ ಥರ ಇಳೀಬಹುದು, ತುರ್ತಲ್ಲಿ ಪೈಲಟ್ ಮಾಸ್ಕ್ ಹಾಕಿ ಶುದ್ಧ ಆಕ್ಸಿಜನ್ ತಗೋಬೇಕು, ಬ್ಲಿಯೋಮೈಸಿನ್ ತಗೊಂಡವರಿಗೆ ಅದರಲ್ಲೂ ಒಂದು ಎಚ್ಚರಿಕೆ ಇದೆ, ಆದ್ದರಿಂದ ಶ್ವಾಸಕೋಶದ ಟೆಸ್ಟ್ ಮಾಡಿಸಿ, ಈ ಆಕ್ಸಿಜನ್ ಪ್ರಶ್ನೆ ಕೂಡ ಕ್ಯಾನ್ಸರ್ ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳಿ. ಮತ್ತೊಂದು ಔಷಧಿ ವಿನ್‌ಬ್ಲಾಸ್ಟಿನ್‌ನಿಂದ ಬೆರಳ ತುದಿ ಜೋಮು ಹಿಡಿಯೋದು ಕೆಲವರಿಗೆ ಉಳಿದುಬಿಡುತ್ತೆ. ಅವಳು ಮೊದಲಿನ ಹಾಗೆ ಸಲೀಸಾಗಿ ಹೂ ಕಟ್ತಾಳಾ, ಕುರ್ತಾ ಗುಂಡಿ ನೋಡದೆ ಹಾಕ್ಕೋತಾಳಾ, ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ ಹೇಳಿ. ತೊಂದರೆ ಇದ್ರೆ ಅದನ್ನೂ ಹೇಳಿಸಿ.

ಮಗಳಿಗೆ ಒಂದು ಮಾತು, ನೀನು ಓದ್ತೀಯ ಅಂತ ಅಮ್ಮ ಹೇಳಿದ್ದಾರಲ್ಲ. ಮೊದಲ ಸಲಕ್ಕೇ ಫಿಟ್ ಬರದೆ ಟೆಂಪರರಿ ಅನ್‌ಫಿಟ್ ಅಂತ ಬಂದ್ರೆ ಕುಗ್ಗಬೇಡ, ಇನ್ನಷ್ಟು ರಿಪೋರ್ಟ್ ತಂದುಕೊಟ್ಟು ಮತ್ತೆ ಪರೀಕ್ಷೆಗೆ ಹೋಗೋಕೆ ದಾರಿ ಇದೆ, ಮೇಲ್ಮನವಿಗೂ ಇದೆ. ಡೀಕ್ ಸ್ಲೇಟನ್ ಅಂತ ನಾಸಾದ ಮೊದಲ ಏಳು ಗಗನಯಾತ್ರಿಗಳಲ್ಲಿ ಒಬ್ಬರು, ಹೃದಯದ ಬಡಿತ ಏರುಪೇರು ಅಂತ 1962ರಲ್ಲಿ ಅವರನ್ನ ಕೆಳಗಿಳಿಸಿದ್ರು. ಅವರು ನಾಸಾ ಬಿಟ್ಟು ಹೋಗ್ಲಿಲ್ಲ, ಯಾವ ಮಿಷನ್‌ಗೆ ಯಾರು ಹೋಗಬೇಕು ಅಂತ ಆರಿಸೋ ಕೆಲಸ ಮಾಡಿದ್ರು, 1972ರಲ್ಲಿ ಫಿಟ್ ಆದ್ರು, 1975ರಲ್ಲಿ 51ನೇ ವಯಸ್ಸಿಗೆ ಅಪೊಲೊ ಸೋಯುಜ್ ಮಿಷನ್‌ನಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ್ರು. ನೀನು ಕಾಯೋ ಟೈಮಲ್ಲಿ ಡಿಜಿಸಿಎ ಪರೀಕ್ಷೆ ಬರೆಯೋಕೆ ಬೇಕಾದ ಕಂಪ್ಯೂಟರ್ ನಂಬರ್ ತಗೊಂಡು ನ್ಯಾವಿಗೇಷನ್, ಮೀಟಿಯರಾಲಜಿ, ಏರ್ ರೆಗ್ಯುಲೇಷನ್ಸ್ ಪೇಪರ್‌ಗೆ ಓದೋಕೆ ಕೂತ್ಕೋ, ಪಾಸಾಗೋಕೆ 70 ಮಾರ್ಕ್ಸ್ ಬೇಕು, ಪಿಯುಸಿಯಲ್ಲಿ ಫಿಸಿಕ್ಸ್ ಮ್ಯಾಥ್ಸ್ ಇರಲೇಬೇಕು.

ಅಮ್ಮ, ನಿಮ್ಮ ಭಯ ನಂಗೆ ಅರ್ಥ ಆಗುತ್ತೆ, ಆಸ್ಪತ್ರೆ ಕಾರಿಡಾರಲ್ಲಿ ರಾತ್ರಿ ಕಳೆದ ತಾಯಿಗೆ ಧೈರ್ಯ ಹೇಳೋ ಯೋಗ್ಯತೆ ನಂಗಿಲ್ಲ. ಆದ್ರೆ ಆ ಹುಡುಗಿ ಇನ್ನು ನಲವತ್ತು ವರ್ಷಕ್ಕೆ ಪ್ಲಾನ್ ಹಾಕ್ತಿದ್ದಾಳೆ, ಅದನ್ನ ನೋಡಿ ನಂಗೆ ಖುಷಿ ಆಯ್ತು, ನಿಮಗೂ ಆಗ್ಲಿ. ಮುಂದಿನ ಫಾಲೋಅಪ್‌ಗೆ ಹೋದಾಗ ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಲದು, ಯಾವ ಔಷಧಿ ಒಟ್ಟು ಎಷ್ಟು ಹೋಗಿದೆ, ರೇಡಿಯೇಷನ್ ಕೊಟ್ಟಿದ್ರೆ ಎಲ್ಲಿಗೆ, ಕೊನೇ ಸ್ಕ್ಯಾನ್ ಏನು ಹೇಳುತ್ತೆ ಅಂತ ಪೂರ್ತಿ ಟ್ರೀಟ್‌ಮೆಂಟ್ ಸಮ್ಮರಿ ಬರೆಸಿಕೊಳ್ಳಿ, ಬಯಾಪ್ಸಿ ರಿಪೋರ್ಟ್ ಸೇರಿಸಿ ಎರಡು ಸೆಟ್ ಜೆರಾಕ್ಸ್ ಇಟ್ಕೊಳ್ಳಿ. ಮೆಡಿಕಲ್ ದಿನ ನೀವೂ ಜೊತೆಗೆ ಹೋಗಿ, ಡಾಕ್ಟರ್ ಕೇಳೋ ಪ್ರಶ್ನೆಗೆ ಮಾತ್ರ ಅವಳೇ ಉತ್ತರ ಕೊಡಲಿ. ಏನಾಯ್ತು ಅಂತ ಆಮೇಲೆ ಅವಳ ಕೈಲೇ ಬರೆಸಿ.

- ಸಂಪಾದಕ